ಎರಡು ಕೀಲಿ ಡಬ್ಬಿ

ನನ್ನ ಜೀಪಿನ ಸ್ಟೇರಿಂಗ್ ಮ್ಯಾಲ ಕೈ ಇಟ್ಟು ಹೇಳ್ತೇನ್ರಿ, ಇದರಾಗ ಒಂದು ಮಾತೂ ಝೂಟ್ ಇಲ್ಲ. ಜೀಪು ಮಾರಿ ಐದು ವರ್ಷ ಆತು. ಸ್ಟೇರಿಂಗ್ ಒಂದು ಇಟ್ಕೊಂಡೀನಿ, ಆಣಿ ಮಾಡ್ಲಾಕ ಬೇಕಾಗ್ತದ ಅಂತ.

ಔರಾದ ಬಸ್ಸಿಗೆ ಇನ್ನೂ ಟೈಮ್ ಅದ. ಈ ಭಾಲ್ಕಿ ಸ್ಟ್ಯಾಂಡಿನ ಕಟ್ಟಿ ಮ್ಯಾಲ ಜರಾ ಸರದು ಕೂಡ್ರಿ. ನನ್ನ ತೊಡಿ ಮ್ಯಾಲಿನ ಈ ಸ್ಟೀಲ್ ಡಬ್ಬಿ ಕಡಿ ನೋಡಬ್ಯಾಡ್ರಿ, ಅದರ ಮಾತು ಕಡೀಕ ಬರ್ತದ.

ಎರಡು ಸಾವಿರದ ಹದಿನಾರರ ಬ್ಯಾಸಗಿ. ಮಾಂಜ್ರಾ ಹೊಳಿ ಹ್ಯಾಂಗ ಒಣಗಿತ್ತಂದ್ರ, ಮೀನು ಎದ್ದು ರಸ್ತಾ ಹಿಡದು ನಡದಿದ್ವು. ಎರಡು ಮೀನಿಗೆ ನಾನ ಹುಮನಾಬಾದ ತನಕ ಲಿಫ್ಟ್ ಕೊಟ್ಟೀನಿ.

ಮನುಷ್ಯಾರೂ ನಡದಿದ್ರು. ಪುಣೆ, ಹೈದರಾಬಾದ್, ಎಲ್ಲಿ ಇಟ್ಟಂಗಿ ಹೊರಲಾಕ ಕರದ್ರೋ ಅಲ್ಲಿ. ಹೋಗೋ ಮುಂಚೆ ಒಂದೊಂದು ಸಣ್ಣ ಅಪಘಾತದ ಪಾಲಿಸಿ ಮಾಡಿಸ್ತಿದ್ರು. ಪಾಲಿಸಿ ಮಾಡೋ ಕಂಪನಿ ಎರಡಿದ್ವು. ಬೀದರದಾಗ ಕೆಂಪು ಬೋರ್ಡಿಂದು, ಇಲ್ಲೇ ಭಾಲ್ಕ್ಯಾಗ ನೀಲಿ ಬೋರ್ಡಿಂದು. ಹೆಸರು ಹೇಳಂಗಿಲ್ಲ, ಇಬ್ಬರೂ ವಕೀಲರನ್ನ ಇಟ್ಕೊಂಡಾರ.

ಇಬ್ಬರಿಗೂ ಒಂದೇ ಸಂಶೇ. ಒಬ್ಬನೇ ಮನುಷ್ಯಾ ಎರಡೂ ಕಡಿ ಪಾಲಿಸಿ ಮಾಡಿಸಿ, ಬಾಯಿ ಮುಚ್ಕೊಂಡು ಕೂತಾನೇನೋ ಅಂತ. ಎರಡೂ ಕಂಪನಿ ಗಿರಾಕಿ ಹೆಸರಿನ ಯಾದಿ ಬಾಜೂಕ ಇಟ್ಟು ನೋಡಿದ್ರ ಗೊತ್ತಾಗ್ತದ. ಆದ್ರ ಯಾದಿ ತೋರಸೋರು ಯಾರು? ತೋರಿಸಿದ್ರ ಅವರು ಇವರ ಗಿರಾಕಿ ಎಳಕೊಂಡು ಹೋಗ್ತಾರ. ಗಿರಾಕಿ ನಂಬಿ ಕೊಟ್ಟ ಹೆಸರು, ನಂಬರು, ಪರರ ಕೈಯಾಗ ಇಡಬಾರದು ಅಂತ ಕಾಯ್ದೇನೂ ಅದ.

ಅದಕ್ಕ ಬೀದರದ ಬಾಜೂಕಿನ ಕೊಳಾರದಾಗ ಒಂದು ಗೋದಾಮಿನ ಮ್ಯಾಲಿನ ಖೋಲ್ಯಾಗ ಮೀಟಿಂಗ್ ಇಟ್ರು. ಯಾರ ಆಫೀಸಿನಾಗೂ ಯಾರೂ ಕೂಡಬಾರದಂತ.

ಎರಡೂ ಕಂಪನಿ ಸಾಹೇಬ್ರು ಬಂದಿದ್ರು. ಅವರ ಸಂಗಟ ಕೆಂಪು ಕಡಿಂದ ಬಂದಾಕಿ ಕೌಸಲ್ಯಾ. ಖಟಕ ಚಿಂಚೋಳಿ ಹುಡುಗಿ, ವಯಸ್ಸು ಇಪ್ಪತ್ತೊಂಬತ್ತು, ಕಂಪ್ಯೂಟರ್ ಕೆಲಸ ಎಲ್ಲಾ ಆಕಿದೇ. ನೀಲಿ ಕಡಿಂದ ಮಚ್ಛೇಂದ್ರ, ಔರಾದಂವ. ಎತ್ತರ ಆರಡಿ ಎಂಟಿಂಚು. ಕೆಲವರು ಐದೂವರೆ ಅಂತಾರ, ಅವರು ಅವನ್ನ ಕೂತಾಗ ನೋಡ್ಯಾರ.

ಇಬ್ಬರೂ ತಮ್ಮ ತಮ್ಮ ಕಾಗದದ ಮ್ಯಾಲ ಮೊಣಕೈ ಇಟ್ಟು ಕೂತಿದ್ರು, ಪರೀಕ್ಷಾದಾಗ ಕೂತಂಗ.

"ನಿಮ್ಮ ಯಾದಿ ಮೊದಲು ತೋರಸ್ರಿ ಮೇಡಂ," ಅಂದ ಮಚ್ಛೇಂದ್ರ.

"ಯಾರೂ ಯಾರಿಗೂ ತೋರಸೋದು ಬ್ಯಾಡ ಸರ್," ಅಂದ್ಳು ಕೌಸಲ್ಯಾ. ಆಮ್ಯಾಗ ಬಾಗಿಲದಾಗ ನಿಂತ ನನ್ನ ಕಡಿ ಹೊಳ್ಳಿ, "ಕಾಕಾ, ನಿಮ್ಮ ಊಟದ ಡಬ್ಬಿ ಕೊಡ್ರಿ."

ಕೊಟ್ಟೆ. ಆಗ ನಾ ಕೆಂಪು ಕಂಪನಿಗೆ ಬಾಡಿಗಿ ಜೀಪು ಓಡಸ್ತಿದ್ದೆ, ಇಲ್ಲ ಅನ್ನಲಾಕ ಬರಲ್ಲ.

ಡಬ್ಬಿ ಕೊಂಡಿಗೆ ತನ್ನ ಕೀಲಿ ಜಡದ್ಳು. ಕೀಲಿಕೈ ತನ್ನ ಪರ್ಸಿನಾಗ. ಡಬ್ಬಿ ಅವನ ಕಡಿ ನೂಕಿ, ಇದರ ಮ್ಯಾಲ ನಿಮ್ಮ ಕೀಲಿ ಹಾಕ್ರಿ ಅಂದ್ಳು. ಅಂವ ತನ್ನ ಮೋಟಾರ್ ಸೈಕಲ್ ಪೆಟ್ಟಿಗಿ ಕೀಲಿ ತಂದು ಹಾಕ್ದ. ಡಬ್ಬಿ ಆಕಿ ಕಡಿ ವಾಪಸ್ ಬಂತು. ಆಕಿ ತನ್ನ ಕೀಲಿ ತೆಗದು ಮತ್ತ ಅವನ ಕಡಿ ಕಳಿಸಿದ್ಳು. ಈಗ ಅವನ ಕೀಲಿ ಒಂದೇ ಉಳೀತು. ಅಂವ ತೆಗೀಬಹುದು.

ನೋಡ್ರಿ, ಡಬ್ಬಿ ಮೂರು ಫೇರಿ, ಅಂದ್ರ ಮೂರು ಸಲ, ಮೇಜು ದಾಟ್ತು, ಒಮ್ಮಿನೂ ಕೀಲಿ ಇಲ್ದ ದಾಟಲಿಲ್ಲ. ಒಬ್ಬರ ಕೀಲಿಕೈ ಇನ್ನೊಬ್ಬರಿಗೆ ಕೊಡಲಿಲ್ಲ.

ಯಾದಿದೂ ಹಾಂಗೇ ಅಂತ ತಿಳಿಸಿ ಹೇಳಿದ್ಳು. ಒಂದೊಂದು ಫೋನ್ ನಂಬರಿಗೂ ಕಂಪ್ಯೂಟರಿನಾಗ ಎರಡೂ ಕಂಪನಿ ಕೀಲಿ ಹಾಕೋದು. ಎರಡೂ ಬಿದ್ದ ಮ್ಯಾಲ ನಂಬರ್ ಹೋಗಿ ಒಂದು ಗುರುತು ಉಳೀತದ. ಅದು ಯಾರದು ಅಂತ ಪರರಿಗೆ ತಿಳಿಯಂಗಿಲ್ಲ. ಆದ್ರ ನಂಬರ್ ಒಂದೇ ಇದ್ರ ಗುರುತೂ ಒಂದೇ ಬರ್ತದ. ಬರೇ ಗುರುತು ತಾಳೆ ನೋಡಿದ್ರ ಆತು.

ಸಾಹೇಬ್ರು ಮತ್ತೊಮ್ಮಿ ತೋರಸಂದ್ರು. ಮತ್ತೊಮ್ಮಿ. ನನ್ನ ಊಟ ಆವತ್ತು ಮೇಜಿನ ಮ್ಯಾಲೇ ಪುಣೆಕ್ಕ ಹೋಗಿ ಬರೋವಷ್ಟು ತಿರಗಾಡ್ತು.

ಮಚ್ಛೇಂದ್ರ ಮಾತ್ರ ಡಬ್ಬೀನೇ ನೋಡಕೋತ ಕೂತಿದ್ದ. ಕಡೀಕ ಅಂದ, "ಮೇಡಂ, ಕೀಲಿ ಗಟ್ಟಿ ಅದ. ಆದ್ರ ಒಳಗ ಏನದ ಅಂತ ನನಗ ಆಗಲೇ ಗೊತ್ತಾತು."

"ಹ್ಯಾಂಗ?"

"ವಾಸನಿಲೆ. ಪುಂಡಿ ಪಲ್ಯ."

ಎಲ್ಲರೂ ನಕ್ಕರು. ಕೌಸಲ್ಯಾ ನಗಲಿಲ್ಲ. ಆಕಿ ಮಾರಿ ಕೆಂಪಾತು, ಕಂಪನಿ ಬೋರ್ಡಿಗಿಂತ ಒಂದು ಬೆರಳು ಹೆಚ್ಚು.

ವಾಪಸ್ ಹೋಗಬೇಕಾದ್ರ ಜೀಪಿನಾಗ ಆಕಿ ಮನಸು ಒಂದೇ ಸವನ ಗುಂಯ್ ಅಂತಿತ್ತು. ‘ಎಂಥಾ ಅಧಿಕಪ್ರಸಂಗಿ... ಆದ್ರ ಖರೇ ಹೇಳ್ದ. ನಾ ಯಾಕ ಅದು ವಿಚಾರ ಮಾಡ್ಲಿಲ್ಲ?’ ಆಕಿ ಮನಸಿನ ಮಾತು ನಿನಗ ಹ್ಯಾಂಗ ಗೊತ್ತು ಅಂತ ಕೇಳಬ್ಯಾಡ್ರಿ. ಮುಂದಿನ ಸೀಟಿನಾಗ ಕೂತವರ ಮನಸು ಡ್ರೈವರಗ ಕೇಳ್ತದ. ಎಂಜಿನ್ ಬಂದ್ ಮಾಡಿದ್ರ ಇನ್ನೂ ಛಲೋ ಕೇಳ್ತದ.

ಎರಡು ಕೀಲಿ ವಿಚಾರ ಆಕಿಗೆ ಕಾಲೇಜಿನಾಗ ಹೊಳದದ್ದಲ್ಲ. ಅವರ ಓಣಿ ಪದ್ಧತಿ ಅದು. ಊರು ಬಿಟ್ಟು ಹೋಗೋರು ಬಾಗಿಲಕ್ಕ ತಮ್ಮದೊಂದು ಕೀಲಿ ಹಾಕ್ತಾರ, ಊರಾಗ ಉಳಿಯೋರು ತಮ್ಮದೊಂದು. ಅಣ್ಣ ತಮ್ಮರಾಗ ಒಬ್ಬನೇ ಗಪ್ಪನ ಬಂದು ಮನಿ ಖಾಲಿ ಮಾಡಬಾರದು, ಉಳದವರಿಗೂ ಒಳಗ ಹೋಗ್ಲಾಕ ಬರಬಾರದು. ಆ ವರ್ಷ ಓಣ್ಯಾಗ ಉಳದಾಕಿ ಒಬ್ಬಾಕೇ, ಕೌಸಲ್ಯಾನ ಅವ್ವ ಶಾಲುಬಾಯಿ. ಕೀಲಿಕೈ ಗೊಂಚಲು ಹ್ಯಾಂಗ ಬೆಳೀತಂದ್ರ, ಆಕಿ ಉಡಿಯಾಗ ಕಟ್ಕೊಂಡು ನಡದ್ರ ಎಡಕ್ಕ ವಾಲ್ತಿದ್ಳು.

ಕೆಲಸ ಚಾಲೂ ಆತು. ಕರೆಂಟ್ ಯಾವಾಗ ಹೋಗ್ತದೋ ಗೊತ್ತಿಲ್ಲ, ಮೇಲ್ ಮಾಡಬಾರದು ಅಂತ ಮುಂಬೈ ಹೆಡ್ ಆಫೀಸಿನ ಹುಕುಂ. ಹಂಗಾಗಿ ಕೀಲಿ ಬಿದ್ದ ಯಾದಿ ಪೆನ್ ಡ್ರೈವಿನಾಗ, ಪೆನ್ ಡ್ರೈವ್ ಆ ಡಬ್ಬ್ಯಾಗ, ಡಬ್ಬಿ ನನ್ನ ಜೀಪಿನಾಗ, ಬೀದರಿಂದ ಭಾಲ್ಕಿ, ಭಾಲ್ಕಿಯಿಂದ ಬೀದರ. ಆ ಎರಡು ತಿಂಗಳು ಇಂಟರ್ನೆಟ್ ಅಂದ್ರ ನಾನೇ.

ಡಬ್ಬ್ಯಾಗ ಪೆನ್ ಡ್ರೈವ್ ಬಿಟ್ಟು ಇನ್ನೇನೂ ಇಡಬಾರದು, ಇದು ಕೌಸಲ್ಯಾ ಬರದ ನಿಯಮ. ಹೊರಗ ಒಂದು ಚೀಟಿ ಅಂಟಿಸಬಹುದು. ಅಂವ ‘ತಲುಪಿತು’ ಅಂತ ಬರೀತಿದ್ದ. ಆಕಿ ‘ಸರಿ’ ಅಂತ. ಆಮ್ಯಾಗ ‘ತಲುಪಿತು, ಇಲ್ಲಿ ಬಿಸಲು ಭಾಳ’. ‘ಸರಿ, ಇಲ್ಲೂ’. ಅವನ ಚೀಟಿ ಹದಿಮೂರು ಆದ್ವು. ಹದಿಮೂರೂ ಆಕಿ ಪರ್ಸಿನಾಗ ಕೂತ್ವು.

ಒಂದಿನ ಡಬ್ಬ್ಯಾಗ ಪೆನ್ ಡ್ರೈವ್ ಸಂಗಟ ಎರಡು ಬಾರಿಹಣ್ಣು. ಔರಾದ ಕಡಿವು, ಒಣಗಿದ್ವು.

ಕೌಸಲ್ಯಾ ರಜಿಸ್ಟರಿನಾಗ ‘ನಿಯಮ ಉಲ್ಲಂಘನೆ, ಎರಡು’ ಅಂತ ಬರದ್ಳು. ಬರದು, ತಿಂದ್ಳು. ಬೀಜಾನೂ ಒಗೀಲಿಲ್ಲ.

ಕಡೀಕ ತಾಳೆ ನೋಡಿದ್ರು. ಎರಡೂ ಕಡಿ ಇದ್ದವರು ಅಷ್ಟೇನೂ ಇರಲಿಲ್ಲ. ಆದ್ರ ಒಂದು ಗುರುತು ಮಾತ್ರ ಕೆಂಪು ಯಾದ್ಯಾಗ ಎಂಬತ್ತೊಂದು ಸಲ, ನೀಲಿದರಾಗ ಅರವತ್ತೆರಡು ಸಲ. ಒಂದೇ ಫೋನು, ನೂರಾ ನಲವತ್ಮೂರು ಪಾಲಿಸಿ.

ಸಾಹೇಬ್ರ ಕಣ್ಣು ಹೊರಗ ಬಂದ್ವು. ಇದು ದೊಡ್ಡ ಮೋಸಗಾರರ ಟೋಳಿ ಅಂದ್ರು. ಹದಿನೈದು ದಿನದಾಗ ಪೂರಾ ತಪಾಸು ಮಾಡೋದು, ಇಲ್ಲಂದ್ರ ಎಲ್ಲಾ ಪಾಲಿಸಿ ರದ್ದು, ಆ ಫೋನಿನವರ ಮ್ಯಾಲ ಪೋಲೀಸ್ ಕೇಸು.

ಕೌಸಲ್ಯಾ ತನ್ನ ಕಂಪನಿ ಯಾದಿ ತೆಗದು, ಆ ಗುರುತಿನ ಮುಂದಿನ ನಂಬರ್ ನೋಡಿದ್ಳು.

ಮತ್ತೊಮ್ಮಿ ನೋಡಿದ್ಳು.

ಅದು ಆಕಿ ಬಾಯಿಪಾಠ ಇದ್ದ ನಂಬರ್. ದಿನಾ ಸಂಜಿಕ ಹಚ್ಚೋ ನಂಬರ್. ಅವ್ವಂದು.

ಆಗಿದ್ದು ಇಷ್ಟೇರಿ. ಊರು ಬಿಟ್ಟು ಹೋಗೋರ ಸಿಮ್ ಸುಗ್ಗಿಗೊಂದು. ಇವತ್ತು ಪುಣೆದು, ನಾಳಿ ಹೈದರಾಬಾದಿಂದು. ಏಜೆಂಟ ಫೋನ್ ನಂಬರ್ ಕೇಳಿದ್ರ, ಕೀಲಿಕೈ ಯಾರ ಹತ್ರ ಬಿಟ್ಟಿದ್ರೋ ಆಕಿದೇ ನಂಬರೂ ಬರಿಸ್ಯಾರ. ಇಡೀ ಓಣಿದು ಒಂದೇ ಫೋನು, ಶಾಲುಬಾಯಿದು. ಏಜೆಂಟರು ಹತ್ತು ಮಂದಿ, ರಜಿಸ್ಟರ್ ಹತ್ತು, ಯಾರೂ ಕೂಡಿಸಿ ನೋಡಿರಲಿಲ್ಲ.

‘ಒಬ್ಬ ಮನುಷ್ಯಾಗ ಒಂದು ಫೋನು ಅಂತ ಬರದಾಕಿ ನಾನೇ... ಅದೇ ಓಣ್ಯಾಗ ಹುಟ್ಟಿದಾಕಿ ನಾನೇ.’

ಹೇಳಿದ್ರ, ಕೀಲಿ ಮಾಡಿದಾಕಿಯ ಅವ್ವನೇ ಕಳ್ಳಿ ಅಂತಾರ. ಮಗಳ ಮಾತು ಯಾರು ನಂಬ್ತಾರ? ಸುಮ್ಮನಿದ್ರ, ಅವ್ವನ ಬಾಗಿಲಕ್ಕ ಪೋಲೀಸ್ ಬರ್ತದ. ಜನ್ಮದಾಗ ಪರರ ಮನಿ ಕೀಲಿಕೈ ಹೊಳ್ಳಿಸಿ ನೋಡಲಾರದ ಅವ್ವನ ಬಾಗಿಲಕ್ಕ.

ಮೂರು ದಿನ ಆಕಿ ಊಟ ಮಾಡಲಿಲ್ಲ. ಜೀಪಿನಾಗ ಕೂತ್ರೂ ವಜ್ಜಾ ಗೊತ್ತಾಗ್ತಿರಲಿಲ್ಲ, ಡೀಸೆಲ್ ಉಳೀತಿತ್ತು.

ಐತವಾರ ಸಂಜಿಕ ಶಾಲುಬಾಯಿ ಫೋನಿನಾಗ ಹೇಳಿದ್ಳು, ಮೊನ್ನಿ ಭಾಲ್ಕಿ ಕಡಿಂದ ಒಬ್ಬ ಹುಡುಗ ಬಂದಿದ್ದ, ಛಲೋ ಹುಡುಗ, ಓಣಿ ತುಂಬ ನನ್ನ ಸಂಗಟ ಅಡ್ಡಾಡಿ ಕೀಲಿಕೈ ಎಣಿಸಿದ, ಎರಡು ರೊಟ್ಟಿ ಉಂಡ. ನನ್ನ ಮಗಳೂ ಬೀದರದಾಗ ಇದೇ ಕೆಲಸ ಮಾಡ್ತಾಳ ಅಂತನೂ ಹೇಳ್ದೆ.

ಅಂವ ಯಾರಂತ ಕೌಸಲ್ಯಾಗ ತಿಳೀತು. ಮಚ್ಛೇಂದ್ರ!

ಸೋಮವಾರ ಮುಂಜಾನಿ ಕೆಂಪು ಸಾಹೇಬ್ರು ಕರದ್ರು. ಈ ನಂಬರ್ ನಿಮ್ಮ ತಾಯಿದು ಅಂತಲ್ಲ, ನಿಮಗ ಗೊತ್ತಿತ್ತೇನು ಅಂತ ಕೇಳಿದ್ರು. ಶುಕ್ರವಾರ ಕೊಳಾರದಾಗ ಇಬ್ಬರೂ ಸಾಹೇಬ್ರ ಮುಂದ ಜವಾಬು ಕೊಡ್ರಿ ಅಂದ್ರು.

ಹೊರಗ ಬಂದಾಗ ಆಕಿ ಕಣ್ಣಾಗ ನೀರಿರಲಿಲ್ಲ. ಬರಗಾಲ ಅಂತಲ್ಲ, ಸಿಟ್ಟಿಗೆ. ‘ರೊಟ್ಟಿ ಉಂಡು ಹೋದ. ನಮ್ಮವ್ವನ ಕೈಯಾನ ರೊಟ್ಟಿ ಉಂಡು, ಬಂದು ಚುಗಲಿ ಹೇಳ್ದ...’

ಅದೇ ಹೊತ್ತಿನಾಗ ನಾ ಭಾಲ್ಕಿಯಿಂದ ಡಬ್ಬಿ ತಂದೆ. ಮಚ್ಛೇಂದ್ರನ ಕೀಲಿ ಜಡದಿತ್ತು. ಚೀಟಿ ಇರಲಿಲ್ಲ. ಮೇಡಂ ಕೈಯಾಗೇ ಕೊಡು ಅಂದಿದ್ದ.

"ಕಾಕಾ, ಇದನ್ನ ವಾಪಸ್ ಒಯ್ರಿ."

ಒಳಗ ಏನೋ ವಜ್ಜಾ ಅದ ತಂಗಿ, ಅಂದೆ.

ಆಕಿ ಪರ್ಸಿನಿಂದ ತನ್ನ ಕೀಲಿ ತೆಗದು, ಅದೇ ಕೊಂಡಿಗೆ ಟಕ್ಕನ ಜಡದ್ಳು. "ಈಗ ಅಂವ ಸತ್ತರೂ ತೆಗೀಲಾಕ ಬರಲ್ಲ. ಒಯ್ರಿ."

ಸಿಟ್ಟಿನಾಗ ಮನುಷ್ಯಾಗ ತಾ ಮಾಡಿದ ಕೆಲಸಾನೇ ಮರೀತದ. ನನಗೂ ಆಗ ಹೊಳೀಲಿಲ್ಲ. ಒಯ್ದು ಕೊಟ್ಟೆ.

ಮಚ್ಛೇಂದ್ರ ಎರಡು ಕೀಲಿ ನೋಡ್ದ. ಹಗೂರಕ ನಕ್ಕ. ತನ್ನ ಕೀಲಿ ತೆಗದು ಕಿಸೆದಾಗ ಹಾಕ್ಕೊಂಡು, "ಕಾಕಾ, ಮೂರನೇ ಫೇರಿ. ಬೀದರಕ್ಕ ಒಯ್ರಿ," ಅಂದ.

ಮರುದಿನ ಮುಂಜಾನಿ ಡಬ್ಬಿ ಕೌಸಲ್ಯಾನ ಮೇಜಿನ ಮ್ಯಾಲ ಕೂತಿತ್ತು. ಒಂದೇ ಕೀಲಿ. ಆಕಿದೇ. ಕೀಲಿಕೈ ಆಕಿ ಪರ್ಸಿನಾಗೇ.

ಭಾಳ ಹೊತ್ತು ನೋಡಿದ್ಳು. ತನ್ನ ಸಿಟ್ಟು ತನ್ನ ನಿಯಮದ ಎರಡನೇ ಫೇರಿ ಮುಗಿಸಿತ್ತು ಅಂತ ಆಗ ತಿಳೀತು. ಇಡೀ ಜಿಲ್ಲಾದಾಗ ಈ ಡಬ್ಬಿ ತೆಗೀಬಲ್ಲಾಕಿ ಈಗ ಆಕಿ ಒಬ್ಬಾಕೇ.

ತೆಗದ್ಳು.

ಒಂದು ನೋಟಬುಕ್ಕು. ಕೀಲಿ ಇಲ್ಲ, ಗುರುತಿಲ್ಲ, ನೀಲಿ ಕಂಪನಿ ಯಾದಿ ಹಸಿ ಹೆಸರಿನಾಗ. ಶಾಲುಬಾಯಿ ನಂಬರ್ ಬರಿಸಿದ ಅರವತ್ತೆರಡು ಮಂದಿ. ಒಬ್ಬೊಬ್ಬರ ಹೆಸರಿನ ಮುಂದ ಅವರು ಈಗೆಲ್ಲಿದ್ದಾರ, ಓಣ್ಯಾಗ ಯಾವ ಬಾಗಿಲು, ಶಾಲುಬಾಯಿ ಗೊಂಚಲದಾಗ ಆ ಬಾಗಿಲದ ಕೀಲಿಕೈ ಎಷ್ಟನೇದು. ಕಡೀ ಕಾಲಮ್ಮಿನಾಗ, ‘ನಿಮ್ಮ ಹೆಸರು ಇನ್ನೊಂದು ಕಂಪನಿಗೆ ತೋರಸಬಹುದೇನು ಅಂತ ಫೋನ್ ಮಾಡಿ ಕೇಳಿದೆ. ಉತ್ತರ.’ ಅದರ ಕೆಳಗ ಅರವತ್ತೆರಡು ಸಲ ‘ಹೂಂ’.

ಅಂವ ಅರವತ್ತೆರಡು ಮಂದೀನ ಹುಡುಕಿದ್ದ. ಒಬ್ಬಾಕಿ ಸುಭದ್ರಾಬಾಯಿ ಅಂತ, ಪುಣೆದಾಗ ಹತ್ತನೇ ಮಜಲಿ ಮ್ಯಾಲ ಇಟ್ಟಂಗಿ ಹೊರ್ತಿದ್ಳು. ಇಳದು ಬಂದು ಹೂಂ ಅನ್ನಲಾಕ ಆಕಿಗೆ ಅರ್ಧಾ ದಿನ ಹತ್ತಿತಂತ.

ನೋಟಬುಕ್ಕಿನ ಮ್ಯಾಲ ಒಂದು ಸಾಲು ಬರದಿದ್ದ: ‘ಆ ನಂಬರ್ ಯಾರದು ಅಂತ ನಾ ಯಾರಿಗೂ ಹೇಳಿಲ್ಲ. ಹೇಳೋ ಹಕ್ಕು ನಿಮ್ಮದು.’

ಕೌಸಲ್ಯಾ ಎದ್ದು ಸಾಹೇಬ್ರ ಖೋಲಿಗೆ ಹೋಗಿ ಕೇಳಿದ್ಳು. ಆ ನಂಬರ್ ನಮ್ಮವ್ವಂದು ಅಂತ ನಿಮಗ ಯಾರು ಹೇಳಿದ್ರು ಸರ್?

ಸಾಹೇಬ್ರು ಫೈಲಿನಿಂದ ಒಂದು ಕಾಗದ ತೆಗದ್ರು. ನಾಲ್ಕು ವರ್ಷದ ಹಿಂದ ನೌಕರಿಗೆ ಸೇರಬೇಕಾದ್ರ ಆಕಿ ತುಂಬಿದ ಫಾರ್ಮು. ‘ತುರ್ತಿಗೆ ಯಾರನ್ನ ಕರೀಬೇಕು’ ಅನ್ನೋ ಸಾಲಿನಾಗ, ಆಕಿದೇ ದುಂಡನ ಅಕ್ಷರದಾಗ, ಅವ್ವನ ನಂಬರ್.

ವಾಸನಿ ಅಲ್ಲಿಂದ ಬಂದಿತ್ತು.

ಆಕಿ ಬಾಗಿಲದಾಗ ನಿಂತು ನಕ್ಕಳು. ಸಾಹೇಬ್ರು ಗಾಬರಿಯಾಗಿ ನೀರು ತರಿಸಿದ್ರು.

ಶುಕ್ರವಾರಕ್ಕ ಇನ್ನ ಮೂರೇ ದಿನ. ಕೆಂಪು ಯಾದ್ಯಾಗಿನ ಎಂಬತ್ತೊಂದು ಮಂದಿಗೆ ಆಕಿನೂ ಫೋನ್ ಹಚ್ಚಿದ್ಳು. ನಂಬರ್ ಸಿಗಲಾರದವರು ಎಲ್ಲಿದ್ದಾರ ಅಂತ ಶಾಲುಬಾಯಿ ಬಾಯಿಪಾಠ ಹೇಳಿದ್ಳು. ಯಾರ ಕೂಸಿಗೆ ಹಲ್ಲು ಬಂದಾವ ಅನ್ನೋದೂ ಹೇಳಿದ್ಳು, ಅದು ಯಾವ ಕಾಲಮ್ಮಿನಾಗೂ ಹಿಡೀಲಿಲ್ಲ.

ಕೊಳಾರದ ಖೋಲ್ಯಾಗ ಕೌಸಲ್ಯಾ ಎದ್ದು ನಿಂತು ತಾನೇ ಮೊದಲು ಹೇಳಿದ್ಳು. "ಆ ನಂಬರ್ ನಮ್ಮವ್ವಂದು. ತಪ್ಪು ಆಕಿದಲ್ಲ, ನಂದು. ಒಂದು ಫೋನು ಅಂದ್ರ ಒಬ್ಬ ಮನುಷ್ಯಾ ಅಂತ ನಾ ತಿಳಕೊಂಡಿದ್ದೆ."

ಎರಡು ನೋಟಬುಕ್ಕು ಮೇಜಿನ ಮ್ಯಾಲ ಇಟ್ಳು. ಆಮ್ಯಾಗ ಬಾಗಿಲ ತೆಗದು ಅವ್ವನ್ನ ಒಳಗ ಕರದ್ಳು. ಶಾಲುಬಾಯಿ ಗೊಂಚಲು ಬಿಚ್ಚಿ ಮೇಜಿನ ಮ್ಯಾಲ ಇಟ್ಳು. ಮೇಜಿನ ಒಂದು ಕಾಲು ಮುರೀತು. ನಾ ಅಲ್ಲೇ ಇದ್ದೆ, ಬೇಕಾದ್ರ ಮತ್ತ ಸ್ಟೇರಿಂಗ್ ಮುಟ್ತೇನಿ.

ನೀಲಿ ಸಾಹೇಬ್ರು ಮಚ್ಛೇಂದ್ರನ ಮ್ಯಾಲ ಗರಂ ಆದ್ರು. ನಮ್ಮ ಯಾದಿ ಪರರಿಗೆ ಹ್ಯಾಂಗ ಕೊಟ್ಟಿ, ನೌಕರಿ ಬ್ಯಾಡೇನು ಅಂದ್ರು.

"ಯಾದಿ ನಮ್ದಲ್ಲ ಸರ್," ಅಂದ ಅಂವ. "ಅವರದು. ಅವರನ್ನ ಕೇಳಿ ಕೊಟ್ಟೀನಿ."

ಯಾರ ಹೆಸರೋ ಅವರನ್ನೇ ಕೇಳೋದು ಅನ್ನೋ ಮಾತು ಇಷ್ಟು ದಿನ ಇಬ್ಬರು ಸಾಹೇಬ್ರಿಗೂ ಹೊಳದಿರಲಿಲ್ಲ. ಮುಂಬೈಗೆ ಫೋನ್ ಹಚ್ಚಿದ್ರು. ಅಲ್ಲೂ ಹೊಳದಿರಲಿಲ್ಲ. ಸಂಜಿ ಒಳಗ ಕೇಸಿನ ಮಾತು ಬಿಟ್ರು. ಒಂದು ಪಾಲಿಸಿನೂ ರದ್ದಾಗಲಿಲ್ಲ. ಮಚ್ಛೇಂದ್ರನ ನೌಕರಿನೂ ಉಳೀತು. ಮೇಜು ಮಾತ್ರ ಹೋತು.

ವಾಪಸ್ ಹೋಗ್ಲಾಕ ನನ್ನ ಜೀಪು ಒಂದೇ. ಶಾಲುಬಾಯಿ ಮುಂದಿನ ಸೀಟಿನಾಗ, ಗೊಂಚಲು ಸಂಗಟ. ಹಿಂದಿನ ಸೀಟಿನಾಗ ಅವರಿಬ್ಬರು, ನಡುವ ಡಬ್ಬಿ. ನಾ ಕನ್ನಡಿ ಸರಿ ಮಾಡ್ಕೊಂಡೆ, ಟ್ರಾಫಿಕ್ ನೋಡ್ಲಾಕ.

ಹಲಬರ್ಗಾ ದಾಟಿದ್ವಿ.

"ಡಬ್ಬಿ ಬಂದಾಗ ನಾ ಸಿಟ್ಟಿಗೆ ಕೀಲಿ ಹಾಕಿದ್ದೆ," ಅಂದ್ಳು ಕೌಸಲ್ಯಾ. "ನಿಮಗ ಗೊತ್ತಿತ್ತಲ್ಲ?"

"ಗೊತ್ತಿತ್ತು."

"ಮತ್ತ ಯಾಕ ನಿಮ್ಮದು ತೆಗದು ಕಳಿಸಿದ್ರಿ?"

"ನಿಯಮ ಅದ ಮೇಡಂ. ಮೂರನೇ ಫೇರಿಗೆ, ಮೊದಲು ಹಾಕಿದಂವ ತನ್ನ ಕೀಲಿ ತೆಗೀಬೇಕು."

ಆಕಿ ನೋಟಬುಕ್ಕಿನ ಕಡೀ ಹಾಳಿ ತೆಗದು ಅವನ ಮುಂದ ಹಿಡದ್ಳು. ಅರವತ್ತೆರಡರ ಕೆಳಗ ಇನ್ನೊಂದು ಸಾಲಿತ್ತು. ಸಾಹೇಬ್ರು ಅಷ್ಟು ತನಕ ಓದಿರಲಿಲ್ಲ. ನಾ ಕನ್ನಡ್ಯಾಗ ಉಲ್ಟಾ ಓದೀನಿ:

‘ಅರವತ್ಮೂರು. ಮಚ್ಛೇಂದ್ರ, ಔರಾದ. ಎಲ್ಲಿ ಹೋದ್ರೂ ಇವನೂ ಇದೇ ಮನ್ಯಾಗ ಕೀಲಿಕೈ ಇಟ್ಟು ಹೋಗಬೇಕಂತಾನ. ಮಗಳನ್ನ ಕೇಳಿದೆ. ಉತ್ತರ.’

ಉತ್ತರದ ಕಾಲಮ್ ಅಂವ ಖಾಲಿ ಬಿಟ್ಟಿದ್ದ. ಈಗ ಅದು ಖಾಲಿ ಇರಲಿಲ್ಲ. ದುಂಡನ ಅಕ್ಷರದಾಗ ‘ಹೂಂ’ ಅಂತಿತ್ತು.

ಅಂವ ಭಾಳ ಹೊತ್ತು ಓದಿದ. ಓದಲಾಕ ಒಂದೇ ಅಕ್ಷರ.

"ನಾ ಇಲ್ಲ ಅಂದಿದ್ರ?" ಅಂತ ಕೇಳಿದ್ಳು ಆಕಿ.

"ಅನ್ನಂಗಿಲ್ಲ ಅಂತ ಗೊತ್ತಿತ್ತು."

"ಹ್ಯಾಂಗ?"

"ವಾಸನಿಲೆ."

ಮುಂದಿನ ಸೀಟಿನಾಗ ಶಾಲುಬಾಯಿ ಹೊಳ್ಳಿ ನೋಡಲಾರದೇ, ಕೀಲಿಕೈ ಗೊಂಚಲ ಎಡ ತೊಡಿಯಿಂದ ಬಲ ತೊಡಿಗೆ ಇಟ್ಕೊಂಡು, "ಇನ್ನೊಂದಕ್ಕ ಜಾಗಾ ಅದ ಬಿಡು," ಅಂದ್ಳು.

ಮಳಿ ಬಂದ ಮ್ಯಾಲ ಮದುವಿ ಆತು. ಪುಣೆದಿಂದ, ಹೈದರಾಬಾದಿಂದ ಇಡೀ ಓಣಿ ಬಂದಿತ್ತು, ಆ ಎರಡು ಮೀನೂ ಬಂದಿದ್ವು. ಈಗ ಅಂವಗ ಔರಾದ ಆಫೀಸು, ಆಕಿಗೆ ಬೀದರ ಆಫೀಸು. ಐತವಾರ ಮಾತ್ರ ಕೂಡ್ತಾರ, ಕೂಡಿದ್ರ ಒಮ್ಮೊಮ್ಮಿ ಜಗಳಾನೂ ಆಡ್ತಾರ. ಜಗಳ ಆದ್ರ ಫೋನ್ ಮಾಡಂಗಿಲ್ಲ. ಒಬ್ಬರು ಡಬ್ಬಿಗೆ ಕೀಲಿ ಜಡದು ಕಳಸ್ತಾರ, ಇನ್ನೊಬ್ಬರು ತಮ್ಮದೂ ಜಡದು ವಾಪಸ್ ಕಳಸ್ತಾರ, ಮೂರನೇ ಫೇರಿಗೆ ಜಗಳ ಮುಗೀತದ. ಇವತ್ತು ಮೊದಲನೇ ಫೇರಿ, ನೋಡ್ರಿ, ಆಕಿ ಕೀಲಿ ಒಂದೇ ಅದ. ನನ್ನ ಹತ್ರ ಈಗ ಜೀಪಿಲ್ಲ, ಸ್ಟೇರಿಂಗ್ ಹಿಡಕೊಂಡು ಔರಾದಿಗೆ ಹೋಗ್ಲಾಕ ಬರಲ್ಲ. ನೀವು ಹ್ಯಾಂಗೂ ಅದೇ ಬಸ್ಸಿಗೆ ಕೂತೀರಿ ಅಂತ ಈ ಮಾತೆಲ್ಲಾ ಹೇಳ್ದೆ. ಸ್ಟ್ಯಾಂಡಿನಾಗ ಇಳದು ಮಚ್ಛೇಂದ್ರ ಅಂತ ಯಾರನ್ನ ಕೇಳಿದ್ರೂ ತೋರಸ್ತಾರ, ಎತ್ತರ ಆರಡಿ ಎಂಟಿಂಚು, ಕೈಯಾಗ ಕೊಟ್ಟು ಇಷ್ಟೇ ಹೇಳ್ರಿ, ಈ ಸಲ ತಪ್ಪು... ಅಲ್ರೀ, ಬಸ್ಸು ಇನ್ನೂ ನಿಂತೇ ಇಲ್ಲ, ಡಬ್ಬಿ ಬಗಲಾಗ ಹಿಡಕೊಂಡು ನಡದೇ ಬಿಟ್ರಲ್ಲ, ಪೂರಾ ಕೇಳಿ ಹೋಗ್ರಿ, ಈ ಸಲ ತಪ್ಪು ಯಾರದು ಅಂತ ಆಕಿ